ಬೆಲ್ಟಿನ ಬಾಯಿಗೆ ಸುಳ್ಳು ತುತ್ತು

ಕಾರಿನ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಬೆರಳುದ್ದದ ಒಂದು ಲೋಹದ ತುಂಡು ಸಿಗುತ್ತದೆ. ಅದರ ಒಂದು ತುದಿ ಸೀಟ್ ಬೆಲ್ಟಿನ ನಾಲಿಗೆಯ ತದ್ರೂಪು. ಇನ್ನೊಂದು ತುದಿಯಲ್ಲಿ ಹೊಳೆಯುವ ಲಾಂಛನ, ನೋಡಲು ಬಹಳ ಚಂದ. ಬೆಲ್ಟ್ ಹಾಕದೆ ಇದನ್ನು ಬಕಲಿನ ಬಾಯಿಗೆ ತುರುಕಿದರೆ ಕಾರಿನ 'ಟಿಂಗ್ ಟಿಂಗ್' ನಿಂತುಹೋಗುತ್ತದೆ. ಯಜಮಾನರು ಬೆಲ್ಟ್ ಹಾಕಿ ಭದ್ರವಾಗಿ ಕೂತಿದ್ದಾರೆ ಎಂದು ಕಾರು ನಂಬಿಬಿಡುತ್ತದೆ, ಪಾಪ!

ಇದನ್ನು ಕೊಳ್ಳುವವರು ಏನೂ ತಿಳಿಯದವರು ಎಂದುಕೊಳ್ಳಬೇಡಿ. ನಮ್ಮ ಶಾಲೆಯಂಗಳಕ್ಕೆ ಮಕ್ಕಳನ್ನು ಬಿಡಲು ಬರುವ ಕಾರುಗಳಲ್ಲೇ ನಾವಿದನ್ನು ಕಂಡಿದ್ದೇವೆ. ಅದೂ ಹೊಚ್ಚ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ. ಕೇಳಿದರೆ ಉತ್ತರ ತಯಾರಾಗಿಯೇ ಇರುತ್ತದೆ: "ಮಾಷ್ಟ್ರೇ, ಇದು ಹಳೆಯ ಡಬ್ಬಾ ಗಾಡಿಯಲ್ಲ. ಆರು ಏರ್‌ಬ್ಯಾಗ್ ಇದೆ, ಐದು ಸ್ಟಾರ್ ಇದೆ, ಬ್ರೇಕು ಸಹ ತಾನೇ ಹಾಕಿಕೊಳ್ಳುತ್ತದೆ. ಎಲ್ಲ ಕಾರೇ ನೋಡಿಕೊಳ್ಳುತ್ತದೆ."

ನಮ್ಮ ಜಗಳ ಇರುವುದು ಈ ಕೊನೆಯ ವಾಕ್ಯದ ಜತೆ.

ಮೊದಲು ಆ ಲೋಹದ ತುಂಡಿನ ಜಾತಕ ನೋಡೋಣ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ಮಾರಾಟ ಸಂಸ್ಥೆಗಳ ವಿರುದ್ಧ ಆದೇಶ ಹೊರಡಿಸಿತು. ಆಗ ಅವರ ತಾಣಗಳಿಂದ ಕಿತ್ತುಹಾಕಿದ ಇಂಥ ಸರಕಿನ ಪಟ್ಟಿಗಳು ಎಷ್ಟು ಗೊತ್ತೇ? 13,118. ಕೆಲವರು ಇದನ್ನು ಬಾಟಲಿ ಓಪನರ್ ಎಂದೂ ಸಿಗರೇಟ್ ಲೈಟರ್ ಎಂದೂ ಹೆಸರು ಬದಲಿಸಿ ಮಾರುತ್ತಿದ್ದರಂತೆ. ಕಳ್ಳ ವೇಷ ಹಾಕಿದಾನೆಂದರೆ ತಾನು ಮಾಡುವುದು ಕಳ್ಳತನವೆಂದು ಅವನಿಗೆ ಗೊತ್ತಿದೆ ಎಂದೇ ಅರ್ಥ. ಅದಕ್ಕಿಂತ ಎಂಟು ತಿಂಗಳ ಹಿಂದೆ, 2022ರ ಸೆಪ್ಟೆಂಬರ್ 4ರಂದು, ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತು ಪ್ರಾಣ ಕಳೆದುಕೊಂಡಿದ್ದರು. ಆಗ ಒಂದು ವಾರ ದೇಶವೆಲ್ಲ ಬೆಲ್ಟಿನ ಬಗ್ಗೆ ಮಾತಾಡಿತು. ಆಮೇಲೆ ಯಥಾಪ್ರಕಾರ. ಆ ಒಂದೇ ವರ್ಷದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ 8,384 ಚಾಲಕರು, 8,331 ಪ್ರಯಾಣಿಕರು. ಎರಡನೆಯ ಅಂಕಿಯನ್ನು ಇನ್ನೊಮ್ಮೆ ಓದಿ. ಬೆಲ್ಟ್ ಎಂದರೆ ಡ್ರೈವರನ ಕೆಲಸ, ನಮಗೇಕೆ ಎಂದು ಹಿಂದೆ ಆರಾಮವಾಗಿ ಒರಗಿ ಕೂತವರ ಲೆಕ್ಕ ಅದರೊಳಗಿದೆ.

ಇಷ್ಟೆಲ್ಲ ಹಳೆಯ ಕಥೆ, ಎಲ್ಲ ಕಾರಿಗೂ ಅನ್ವಯಿಸುವ ಕಥೆ. ಎಲೆಕ್ಟ್ರಿಕ್ ಕಾರಿಗೆ ಬಂದಾಗ ಈ ಸುಳ್ಳು ತುತ್ತು ಇನ್ನೊಂದು ಹಾಳು ಕೆಲಸ ಮಾಡುತ್ತದೆ. ಅದನ್ನು ಮಾರುವವನೂ ಹೇಳುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ.

ಹಳೆಯ ಕಾರಿನಲ್ಲಿ ಬೆಲ್ಟಿನ ಬಕಲಿಗೂ ಬ್ರೇಕಿಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಬಕಲು ಒಂದು ದೀಪ ಹೊತ್ತಿಸುತ್ತಿತ್ತು, ಒಂದು ಗಂಟೆ ಬಾರಿಸುತ್ತಿತ್ತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಈಗಿನ ಬಹಳಷ್ಟು ಎಲೆಕ್ಟ್ರಿಕ್ ಕಾರುಗಳಲ್ಲಿ ಹಾಗಲ್ಲ. ಚಾಲಕ ಸೀಟಿನಲ್ಲಿ ಇದ್ದಾನೋ ಇಳಿದು ಹೋದನೋ ಎಂದು ತಿಳಿಯಲು ಕಾರಿಗೆ ಕಣ್ಣಿಲ್ಲ. ಅದಕ್ಕಿರುವುದು ಎರಡೋ ಮೂರೋ ಸಾಕ್ಷಿಗಳು. ಬಾಗಿಲು ತೆರೆದಿದೆಯೇ? ಸೀಟಿನ ಮೇಲೆ ಭಾರವಿದೆಯೇ? ಬೆಲ್ಟ್ ಕಳಚಿದೆಯೇ? ಟೆಸ್ಲಾ ಕಾರಿನ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ಈ ಮೂರರಲ್ಲಿ ಎರಡು ಸಂಗತಿ ಕೂಡಿಬಂದರೆ, ಕಾರು ನಿಂತಿದ್ದರೆ, ಅದು ತಾನಾಗಿಯೇ 'ಪಾರ್ಕ್' ಸ್ಥಿತಿಗೆ ಹೋಗುತ್ತದೆ. ಬೇರೆ ಕಂಪೆನಿಗಳ ಕಾರುಗಳಲ್ಲಿ ವಿವರ ಬೇರೆ ಇರಬಹುದು, ತತ್ತ್ವ ಅದೇ. ಸಿಗ್ನಲಿನಲ್ಲಿ ಕಾಲು ತೆಗೆದರೂ ಕಾರನ್ನು ಹಿಡಿದು ನಿಲ್ಲಿಸುವ 'ಆಟೋ ಹೋಲ್ಡ್' ಇದೆಯಲ್ಲ, ಅದೂ ಅನೇಕ ಕಾರುಗಳಲ್ಲಿ ಚಾಲಕ ಬೆಲ್ಟ್ ಕಳಚಿದನೆಂದು ಕಂಡಕೂಡಲೇ ಪಾರ್ಕಿಂಗ್ ಬ್ರೇಕಿಗೆ ಕೆಲಸ ಒಪ್ಪಿಸುತ್ತದೆ.

ಈಗ ಬಕಲಿನೊಳಗೆ ಆ ಲೋಹದ ತುಂಡು ಇದೆಯೆನ್ನಿ. ಯಜಮಾನರು ಇಳಿದರು. ಕಾರಿನ ಪ್ರಕಾರ ಬೆಲ್ಟ್ ಇನ್ನೂ ಬಿಗಿದೇ ಇದೆ! ಮೂರು ಸಾಕ್ಷಿಗಳಲ್ಲಿ ಒಂದಕ್ಕೆ ನೀವೇ ಲಂಚ ಕೊಟ್ಟು ಸುಳ್ಳು ಹೇಳಿಸಿದ್ದೀರಿ. ಉಳಿದ ಎರಡರ ಪೈಕಿ ಒಂದು ಸಾಕ್ಷಿ ತಡವರಿಸಿದರೂ ಮುಗಿಯಿತು. ಬಾಗಿಲು ತೆರೆದು, ಇನ್ನೂ ಸೀಟಿನಿಂದ ಏಳದೆ, ಅರ್ಧ ಮೈ ಹೊರಗೆ ಚಾಚಿ ಗೇಟಿನ ಕಡೆ ಬಗ್ಗಿದಿರೆನ್ನಿ. ಪಾರ್ಕಿಗೆ ಹೋಗಬೇಕಾಗಿದ್ದ ಕಾರು ಹೋಗಲಿಕ್ಕಿಲ್ಲ. ಟಿಂಗ್ ಟಿಂಗ್ ಶಬ್ದ ನಿಲ್ಲಿಸಲು ಹೋಗಿ ಬ್ರೇಕಿನ ಬುದ್ಧಿಯನ್ನೇ ನಿಲ್ಲಿಸಿದಂತಾಯಿತು. "ಎಲ್ಲ ಕಾರೇ ನೋಡಿಕೊಳ್ಳುತ್ತದೆ" ಎನ್ನುವವರೇ ಕಾರಿನ ಕಣ್ಣಿಗೆ ಬಟ್ಟೆ ಕಟ್ಟುತ್ತಾರಲ್ಲ, ಇದಕ್ಕೆ ಏನೆನ್ನಬೇಕು?

ಇಳಿಜಾರಿನ ಮಾತು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನ ನಮ್ಮ ಕಡೆ ಸಪಾಟಾದ ಅಂಗಳವಿರುವ ಮನೆ ಎಷ್ಟಿವೆ? ಬದಿಯಡ್ಕ, ಪೆರ್ಲ, ಮುಳ್ಳೇರಿಯ ಯಾವ ದಿಕ್ಕಿಗೆ ಹೋದರೂ ಗುಡ್ಡೆ, ಗುಡ್ಡೆಯ ಬುಡದಲ್ಲಿ ತೋಟ, ತೋಟದ ಮೇಲುಗಡೆ ಮನೆ, ರಸ್ತೆಯಿಂದ ಮನೆಗೆ ಕಡಿದು ಮಾಡಿದ ಇಳುಕಲು ದಾರಿ. ಶಾಲೆಗಳೂ ಅಷ್ಟೇ, ಗುಡ್ಡೆಯ ನೆತ್ತಿಯಲ್ಲೋ ಓರೆಯಲ್ಲೋ ಇವೆ. ನಮ್ಮ ಜೀಪಿನ ಡ್ರೈವರುಗಳು ಈ ನೆಲಕ್ಕೆ ತಕ್ಕ ವಿದ್ಯೆ ಕಲಿತಿದ್ದರು. ಗಾಡಿಯನ್ನು ಗೇರಿಗೆ ಹಾಕಿ ನಿಲ್ಲಿಸು, ಕೈಬ್ರೇಕು ಎಳೆ, ನಂಬಿಕೆ ಸಾಲದಿದ್ದರೆ ಚಕ್ರದ ಹಿಂದೆ ಒಂದು ಮುರಕಲ್ಲಿನ ತುಂಡು ಇಡು. ಒಂದು ತಪ್ಪಿದರೆ ಇನ್ನೊಂದು. ಯಾವ ಪುಸ್ತಕದಲ್ಲೂ ಇಲ್ಲದ ಪಾಠ, ಆದರೆ ಅಪ್ಪಟ ಎಂಜಿನಿಯರಿಂಗ್.

ಗೇರಿಗೆ ಹಾಕಿದರೆ ಗಾಡಿ ನಿಲ್ಲುತ್ತಿದ್ದುದು ಯಾಕೆ? ಚಕ್ರ ತಿರುಗಬೇಕಾದರೆ ಎಂಜಿನ್ ತಿರುಗಬೇಕು, ಎಂಜಿನ್ ತಿರುಗಬೇಕಾದರೆ ಸಿಲಿಂಡರಿನೊಳಗಿನ ಗಾಳಿ ಒತ್ತಿಕೊಳ್ಳಬೇಕು. ಆ ಗಾಳಿ ಸುಲಭಕ್ಕೆ ಬಗ್ಗುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ಸಿಲಿಂಡರೂ ಇಲ್ಲ, ಗಾಳಿಯೂ ಇಲ್ಲ, ಒಂದನೇ ಗೇರು ಎರಡನೇ ಗೇರು ಎಂಬ ವ್ಯವಹಾರವೂ ಇಲ್ಲ. ವಿದ್ಯುತ್ ಕಡಿದ ಮೋಟಾರು ಇಳಿಜಾರಿನಲ್ಲಿ ಕಾರನ್ನು ಹಿಡಿಯಲಾರದು. ಕಾಲು ತೆಗೆದಾಗ ಕಾರು ತಾನೇ ನಿಧಾನವಾಗುತ್ತದಲ್ಲ, ಬ್ಯಾಟರಿಗೆ ಚಾರ್ಜೂ ಆಗುತ್ತದಲ್ಲ, ಅದು ಹಿಡಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದು ಚಕ್ರ ಓಡುತ್ತಿರುವಾಗಿನ ಆಟ. ನಿಂತ ಕಾರನ್ನು ರಾತ್ರಿಯೆಲ್ಲ ಹಿಡಿದಿಡುವುದು ಅದರ ಕೆಲಸವೇ ಅಲ್ಲ.

ಹಾಗಾದರೆ ಹಿಡಿಯುವವರು ಯಾರು? ಕೆಲವು ಕಾರುಗಳಲ್ಲಿ 'ಪಾರ್ಕ್' ಸ್ಥಾನಕ್ಕೆ ಹಾಕಿದಾಗ ಒಂದು ಲೋಹದ ಹಲ್ಲು ಗೇರಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಅನೇಕ ಕಾರುಗಳಲ್ಲಿ ಹಿಂದಿನ ಚಕ್ರದ ಬ್ರೇಕಿಗೆ ಪುಟ್ಟ ಮೋಟಾರು ಇಟ್ಟು, ಸ್ಕ್ರೂ ತಿರುಗಿಸಿದ ಹಾಗೆ ತಿರುಗಿಸಿ ಬ್ರೇಕ್ ಪ್ಯಾಡನ್ನು ಬಿಗಿಯುತ್ತಾರೆ. ಇದೇ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕು. ಒಮ್ಮೆ ಬಿಗಿದರೆ ವಿದ್ಯುತ್ ಇಲ್ಲದಿದ್ದರೂ ಬಿಗಿದೇ ಇರುತ್ತದೆ, ಒಳ್ಳೆಯ ಸಂಗತಿ. ಆದರೆ ಬಿಗಿಯಲಿಕ್ಕೂ ಸಡಿಲಿಸಲಿಕ್ಕೂ 12 ವೋಲ್ಟಿನ ಚಿಕ್ಕ ಬ್ಯಾಟರಿ ಜೀವಂತ ಇರಬೇಕು. ಇನ್ನು ಕಡಿಮೆ ಬೆಲೆಯ ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ 'ಪಾರ್ಕ್' ಎಂಬ ಸ್ಥಾನವೇ ಇಲ್ಲ! ಮುಂದೆ, ಹಿಂದೆ, ನ್ಯೂಟ್ರಲ್ ಅಷ್ಟೇ. ಅವುಗಳನ್ನು ಹಿಡಿದು ನಿಲ್ಲಿಸುವುದು ಕೈಯಿಂದ ಎಳೆಯುವ ಹಳೆಯ ಕೈಬ್ರೇಕು ಒಂದೇ. ಅದನ್ನು ಎಳೆಯಲು ಮರೆತರೆ ನೆನಪಿಸಲು ಎಂಜಿನಿನ ಸದ್ದೂ ಇಲ್ಲ, ಹಿಡಿಯಲು ಗೇರೂ ಇಲ್ಲ. ನಿಮ್ಮ ಕಾರು ಈ ಮೂರರಲ್ಲಿ ಯಾವುದು? ಬೆಲೆ ಗೊತ್ತು, ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಗೊತ್ತು, ಬಣ್ಣದ ಹೆಸರು ಕೂಡ ಗೊತ್ತು. ಇದು ಮಾತ್ರ ಗೊತ್ತಿಲ್ಲ.

ಲೆಕ್ಕ ಹಾಕುವುದು ನಮ್ಮ ಕಸುಬು, ಆದ್ದರಿಂದ ಒಂದು ಲೆಕ್ಕ. ಕಾರಿನ ತೂಕ 1,500 ಕಿಲೊ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿ, ಅಂದರೆ ನಮ್ಮಲ್ಲಿ ಸಾಧಾರಣ ದಾರಿ. ಆ ಕಾರನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 150 ಕಿಲೊ ತೂಕದಷ್ಟು, ಅಂದರೆ ಐವತ್ತು ಕಿಲೊದ ಮೂರು ಅಕ್ಕಿ ಮೂಟೆ. ಬ್ರೇಕಿಲ್ಲದೆ ಬಿಟ್ಟರೆ ಐದು ಸೆಕೆಂಡಿನಲ್ಲಿ ಅದು ಹತ್ತು ಮೀಟರ್ ಹೋಗಿರುತ್ತದೆ, ವೇಗ ಗಂಟೆಗೆ 15 ಕಿಲೋಮೀಟರ್ ಮುಟ್ಟಿರುತ್ತದೆ. ಅದೂ ಸದ್ದಿಲ್ಲದೆ. ಬೆನ್ನು ಹಾಕಿ ಆಡುತ್ತಿರುವ ಮಗುವಿಗೆ ತಿಳಿಯುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಓಡಿಹೋಗಿ ಕೈಯಿಂದ ಕಾರನ್ನು ತಡೆಯಲು ನೋಡುವುದು ಮನುಷ್ಯ ಸಹಜ. ಮೂರು ಮೂಟೆ ಉರುಳಿಬರುವಾಗ ಎದೆಯೊಡ್ಡಿದಂತೆ ಅದು. ದಯವಿಟ್ಟು ಹಾಗೆ ಮಾಡಬೇಡಿ, ಮಕ್ಕಳಿಗೂ ಹೇಳಿ.

ಇದೆಲ್ಲ ಊಹೆಯಲ್ಲ. 2025ರ ಆಗಸ್ಟಿನಲ್ಲಿ ತಮಿಳುನಾಡಿನ ಅವಿನಾಶಿಯಲ್ಲಿ ಇಳಿಜಾರಿನಲ್ಲಿದ್ದ ಎಲೆಕ್ಟ್ರಿಕ್ ಕಾರೊಂದು ಹಿಂದಕ್ಕೆ ಉರುಳಿ ಅದರ ಯಜಮಾನರ ಪ್ರಾಣ ತೆಗೆಯಿತು. ಆ ವಿಡಿಯೊವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಕಾರಿನ ಹೊಸ ಸೌಲಭ್ಯವೇ ಕಾರಣವೆಂದು ಮನೆಯವರು, ಇಳಿಜಾರಿನಿಂದ ಉರುಳಿದಂತೆ ಕಾಣುತ್ತದೆಂದು ಕಂಪೆನಿಯವರು. ವಾದ ಏನೇ ಇರಲಿ, ಆ ಕ್ಷಣದಲ್ಲಿ ಆ ಚಕ್ರಗಳನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಇರಲಿಲ್ಲ ಎಂಬುದು ಮಾತ್ರ ಕಣ್ಣಿಗೆ ಕಾಣುವ ಸತ್ಯ. ಅದಕ್ಕೂ ಒಂಬತ್ತು ವರ್ಷ ಹಿಂದೆ, 2016ರ ಜೂನಿನಲ್ಲಿ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಆಂಟನ್ ಯೆಲ್ಚಿನ್ ಎಂಬ ಸಿನಿಮಾ ನಟ ತನ್ನ ಮನೆಯ ಇಳಿಜಾರು ದಾರಿಯಲ್ಲೇ, ತನ್ನದೇ ಜೀಪ್ ಹಿಂದಕ್ಕೆ ಉರುಳಿ ಸತ್ತ. ವಯಸ್ಸು 27. ಅದು ಎಲೆಕ್ಟ್ರಿಕ್ ಗಾಡಿಯಲ್ಲ, ಆದರೆ ಗೇರಿನ ಹಿಡಿ ಎಲೆಕ್ಟ್ರಾನಿಕ್ ಆಗಿತ್ತು. ಯಾವ ಕಡೆ ದೂಡಿದರೂ ಬಿಟ್ಟಕೂಡಲೇ ನಡುವಿಗೆ ಮರಳುವ ಹಿಡಿ. ಪಾರ್ಕಿಗೆ ಬಿತ್ತೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಅವನು ಸಾಯುವ ಎರಡು ತಿಂಗಳ ಹಿಂದೆಯೇ ಕಂಪೆನಿ ಆ ದೋಷಕ್ಕಾಗಿ 11 ಲಕ್ಷ ಗಾಡಿಗಳನ್ನು ವಾಪಸು ಕರೆದಿತ್ತು. ಕೊಟ್ಟ ಪರಿಹಾರ ಏನು? ಚಾಲಕ ಬಾಗಿಲು ತೆರೆದರೆ ಗಾಡಿ ತಾನೇ ಪಾರ್ಕಿಗೆ ಹೋಗುವಂತೆ ಮಾಡಿದ್ದು. ಇಂದಿನ ಎಲೆಕ್ಟ್ರಿಕ್ ಕಾರುಗಳಲ್ಲೂ ತಿರುಗಿಸುವ ಗುಂಡಿ, ಒತ್ತುವ ಗುಂಡಿ, ಪರದೆಯ ಮೇಲಿನ ಅಕ್ಷರ ಇವೇ ತುಂಬಿವೆ. ಕೈಗೆ ಏನೂ ತಿಳಿಯುವುದಿಲ್ಲ. ಆದ್ದರಿಂದಲೇ ಬಾಗಿಲು, ಸೀಟು, ಬೆಲ್ಟಿನ ಸಾಕ್ಷಿಗಳಿಗೆ ಇಷ್ಟು ಬೆಲೆ.

ಇನ್ನು ನೆಪಗಳು. ನೆಪಗಳಿಗೆ ನಮ್ಮಲ್ಲಿ ಬರಗಾಲವೇ ಇಲ್ಲ.

"ಸೀಟಿನ ಮೇಲೆ ತರಕಾರಿ ಚೀಲ ಇಟ್ಟರೂ ಬಡಕೊಳ್ಳುತ್ತದೆ ಮಾಷ್ಟ್ರೇ." ನಿಜ, ಪಕ್ಕದ ಸೀಟಿನ ಭಾರವನ್ನು ಅಳೆಯುವ ಯಂತ್ರಕ್ಕೆ ತೆಂಗಿನಕಾಯಿ ಚೀಲಕ್ಕೂ ಭಾವನಿಗೂ ವ್ಯತ್ಯಾಸ ತಿಳಿಯದು. ಚೀಲವನ್ನು ಕೆಳಗಿಡಿ, ಇಲ್ಲವೇ ಚೀಲಕ್ಕೇ ಬೆಲ್ಟ್ ಹಾಕಿ. ಗಕ್ಕನೆ ಬ್ರೇಕ್ ಹಾಕಿದಾಗ ತೆಂಗಿನಕಾಯಿ ಹಾರುವುದೂ ತಪ್ಪುತ್ತದೆ. "ಇಲ್ಲೇ ಪೇಟೆಗೆ, ಎರಡು ಕಿಲೋಮೀಟರ್." ಲಾರಿಯವನಿಗೆ ನಿಮ್ಮ ಮನೆ ಎಷ್ಟು ಹತ್ತಿರವೆಂದು ಗೊತ್ತಿರುತ್ತದೆಯೇ? "ಆರು ಏರ್‌ಬ್ಯಾಗ್ ಇದೆಯಲ್ಲ." ಏರ್‌ಬ್ಯಾಗಿನ ಮೇಲೆ ಬರೆದಿರುವ ಎಸ್‌ಆರ್‌ಎಸ್ ಎಂಬ ಮೂರಕ್ಷರದ ಮೊದಲನೆಯದರ ಅರ್ಥವೇ 'ಪೂರಕ' ಎಂದು. ಬೆಲ್ಟಿಗೆ ಪೂರಕ. ಬೆಲ್ಟ್ ಇಲ್ಲದೆ ಮುಂದಕ್ಕೆ ಹಾರಿದವನ ಮುಖಕ್ಕೆ ಕಣ್ಣು ಮಿಟುಕಿಸುವ ಮೊದಲು ಉಬ್ಬುವ ಆ ಚೀಲ ಮೆತ್ತನೆಯ ದಿಂಬಲ್ಲ, ಗುದ್ದು. "ಬಸುರಿಗೆ ಬೆಲ್ಟ್ ಹೇಗೆ?" ಇದು ಮಾತ್ರ ನೆಪವಲ್ಲ, ನ್ಯಾಯವಾದ ಪ್ರಶ್ನೆ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಅಲ್ಲ, ಹೊಟ್ಟೆಯ ಕೆಳಗೆ ಸೊಂಟದ ಎಲುಬಿಗೆ ತಾಗಿ ಬರಬೇಕು. ಮೇಲಿನ ಪಟ್ಟಿ ಎದೆಯ ನಡುವಿನಿಂದ, ಹೊಟ್ಟೆಯ ಬದಿಯಿಂದ ಹೋಗಬೇಕು. ಹಾಕಲೇಬೇಕು, ಹೀಗೆ ಹಾಕಬೇಕು.

ನಮಗೆ ಹೆಚ್ಚು ಸಿಟ್ಟು ಬರುವುದು ಮಡಿಲ ನೆಪಕ್ಕೆ. "ಮಗು ಅಮ್ಮನ ಮಡಿಲಲ್ಲಿ ಭದ್ರ" ಎನ್ನುತ್ತಾರೆ. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಜಡತ್ವ ಎಂಬ ಪಾಠ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವರೇ ಹೀಗೆನ್ನುತ್ತಾರೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ, 15 ಕಿಲೊದ ಮಗುವನ್ನು ತಡೆದು ಹಿಡಿಯಲು ಬೇಕಾದ ಬಲ ಸುಮಾರು 300 ಕಿಲೊ ಎತ್ತುವಷ್ಟು. ಯಾವ ತಾಯಿಯ ಕೈಗೂ ಅದು ಸಾಧ್ಯವಿಲ್ಲ, ಪ್ರೀತಿಗೂ ಅದಕ್ಕೂ ಸಂಬಂಧವಿಲ್ಲ. ಅದೇ ವೇಗದಲ್ಲಿ ಬೆಲ್ಟಿಲ್ಲದೆ ಬಡಿಯುವುದೆಂದರೆ ಹತ್ತು ಮೀಟರ್ ಎತ್ತರದ ಮಾಳಿಗೆಯಿಂದ ಬಿದ್ದ ಹಾಗೆ. ಮಾಳಿಗೆಯ ಅಂಚಿನಲ್ಲಿ ಮಗುವನ್ನು ನಿಲ್ಲಿಸುವ ಅಪ್ಪ ಅಮ್ಮ ಎಲ್ಲಾದರೂ ಇದ್ದಾರೆಯೇ? ಕಾರಿನ ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸುವವರು ಮಾತ್ರ ದಿನಾ ಕಾಣುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ ಹೀಗೆ ತಾಯಿಯ ಮಡಿಲಲ್ಲಿದ್ದ ಪುಟ್ಟ ಮಗುವೊಂದು ಏರ್‌ಬ್ಯಾಗ್ ತೆರೆದುಕೊಂಡಾಗ ತೀರಿಹೋಯಿತು. ಮರುತಿಂಗಳು ಕೇರಳದ ಸಾರಿಗೆ ಆಯುಕ್ತರು ಮಕ್ಕಳಿಗೆ ಪ್ರತ್ಯೇಕ ಸೀಟು ಕಡ್ಡಾಯವೆಂದು ಪ್ರಕಟಿಸಿದರು. ಜನ ಗಲಾಟೆ ಮಾಡಿದರು. ಕೆಲವೇ ದಿನಗಳಲ್ಲಿ ಸಾರಿಗೆ ಮಂತ್ರಿಗಳು ಅದನ್ನು ಜಾರಿ ಮಾಡುವುದಿಲ್ಲ ಎಂದುಬಿಟ್ಟರು. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಗಾಡಿ ಓಡಿಸಿದರೆ ಸಾವಿರ ರೂಪಾಯಿ ದಂಡ ಎಂದು ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನಲ್ಲಿ 2019ರಿಂದಲೇ ಇದೆ. ಕಾಯಿದೆ ಪುಸ್ತಕದಲ್ಲಿ ಇದೆ, ಮಗು ಮಡಿಲಲ್ಲೇ ಇದೆ.

ಕಿರಿಕಿರಿ ಆಗುತ್ತದೆಂದು ಸುರಕ್ಷೆಯನ್ನು ಕೈಬಿಟ್ಟವರಲ್ಲಿ ನಾವೇ ಮೊದಲಿಗರೇನಲ್ಲ. 1959ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪೆನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಈಗಿನ ಮೂರು ಬಿಂದುವಿನ ಬೆಲ್ಟ್ ಕೊಟ್ಟರು, ಕಂಪೆನಿ ಅದರ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅಮೆರಿಕದಲ್ಲಿ 1974ರ ಮಾದರಿಯ ಹೊಸ ಕಾರುಗಳು ಮುಂದಿನವರು ಬೆಲ್ಟ್ ಹಾಕದೆ ಸ್ಟಾರ್ಟೇ ಆಗಬಾರದು ಎಂದು ನಿಯಮ ಮಾಡಿದರು. ಜನ ಎಷ್ಟು ಕೂಗಾಡಿದರೆಂದರೆ ಅದೇ ವರ್ಷ ಅಲ್ಲಿನ ಸಂಸತ್ತು ಆ ನಿಯಮವನ್ನು ರದ್ದು ಮಾಡಿ, ಕಡ್ಡಾಯ ಗಂಟೆಯನ್ನೂ ಎಂಟೇ ಸೆಕೆಂಡಿಗೆ ಇಳಿಸಿತು. ಎಂಟು ಸೆಕೆಂಡು! ನಮ್ಮಲ್ಲಿ ಮುಂದಿನ ಎರಡು ಸೀಟಿಗೆ ಎಚ್ಚರಿಕೆಯ ಗಂಟೆ ಕಡ್ಡಾಯವಾದದ್ದೇ 2019ರ ಜುಲೈಯಲ್ಲಿ. ಹಿಂದಿನ ಸೀಟಿನವರ ಸರದಿ ಬರಲು ಮತ್ತೂ ವರ್ಷಗಳು ಹಿಡಿದವು, ಹಿಂದೆ ಕೂರುವವರು ಕಾರು ಮಾಡುವವರ ಲೆಕ್ಕಕ್ಕೆ ಬರುವುದು ಯಾವಾಗಲೂ ಕೊನೆಗೇ. ಕೇರಳದಲ್ಲಿ 2023ರ ಜೂನ್ 5ರಿಂದ ಎಐ ಕ್ಯಾಮರಾಗಳು ದಂಡ ಹಾಕಲು ತೊಡಗಿದವು, ಒಟ್ಟು 726. ಅಂದಿನಿಂದ ಕ್ಯಾಮರಾ ಬರುವ ಹೊತ್ತಿಗೆ ಬೆಲ್ಟನ್ನು ಎಳೆದು ಎದೆಗೆ ಅಡ್ಡ ಹಿಡಿದು, ದಾಟಿದ ಮೇಲೆ ಬಿಟ್ಟುಬಿಡುವ ಕಲೆಯೂ ಬೆಳೆದಿದೆ. ಕಲೋತ್ಸವದಲ್ಲಿ ಈ ಐಟಂ ಸೇರಿಸಬಹುದೇನೋ.

ಈಗ ಕಾರು ಮಾಡುವವರ ಕಡೆಗೆ ತಿರುಗೋಣ. ಎಲ್ಲ ತಪ್ಪನ್ನೂ ಓಡಿಸುವವರ ತಲೆಗೆ ಕಟ್ಟುವುದು ನ್ಯಾಯವಲ್ಲ.

2024ರ ಆರಂಭದಲ್ಲಿ ಟೆಸ್ಲಾ ಕಂಪೆನಿ ಅಮೆರಿಕದಲ್ಲಿ ಸುಮಾರು 22 ಲಕ್ಷ ಎಲೆಕ್ಟ್ರಿಕ್ ಕಾರುಗಳನ್ನು ಸರಿಪಡಿಸಬೇಕಾಯಿತು. ದೋಷ ಏನೆಂದರೆ ನಗು ಬಂದೀತು. ಪರದೆಯ ಮೇಲೆ ಬ್ರೇಕು, ಪಾರ್ಕು, ಎಬಿಎಸ್ ಎಂದು ತೋರಿಸುವ ಎಚ್ಚರಿಕೆಯ ಅಕ್ಷರಗಳು ನಿಯಮ ಹೇಳಿದ್ದಕ್ಕಿಂತ ಸಣ್ಣದಾಗಿದ್ದವು. ಕಡಿಮೆಯೆಂದರೆ 3.2 ಮಿಲಿಮೀಟರ್ ಎತ್ತರ ಇರಬೇಕಿತ್ತು. ಅದಕ್ಕೆ ಎರಡು ವರ್ಷ ಹಿಂದೆ, 2022ರ ಫೆಬ್ರವರಿಯಲ್ಲಿ, ಚಾಲಕ ಬೆಲ್ಟ್ ಹಾಕದಿದ್ದಾಗ ಗಂಟೆ ಬಾರಿಸದೇ ಹೋಗಬಹುದೆಂದು ಅದೇ ಕಂಪೆನಿಯ 8,17,143 ಕಾರುಗಳನ್ನು ಸರಿಪಡಿಸಿದ್ದರು. ಎರಡೂ ಸಲ ಕಾರು ಗ್ಯಾರೇಜಿಗೆ ಹೋಗಲಿಲ್ಲ, ಸಾಫ್ಟ್‌ವೇರ್ ಕಳುಹಿಸಿಯೇ ಸರಿಮಾಡಿದರು.

ನಾವು ಇದನ್ನು ಓದಿ ನಗಲಿಲ್ಲ. ಒಂದು ದೇಶದಲ್ಲಿ ಬ್ರೇಕಿನ ಎಚ್ಚರಿಕೆಯ ಅಕ್ಷರ ಕಣ್ಣಿಗೆ ಕಾಣುವಷ್ಟು ದೊಡ್ಡದಿದೆಯೇ ಎಂದು ಸರಕಾರ ಅಳತೆಪಟ್ಟಿ ಹಿಡಿದು ನೋಡುತ್ತದೆ. ನಮ್ಮ ಕಾರುಗಳಲ್ಲಿ ನಮ್ಮ ಅಕ್ಷರ ಇದೆಯೇ ಎಂದು ಕೇಳುವವರೇ ಇಲ್ಲ. ನಮ್ಮ ಶಾಲೆಯ ಮಕ್ಕಳ ಮನೆಗಳಿಗೆ ಬಂದ ಎಲೆಕ್ಟ್ರಿಕ್ ಕಾರುಗಳ ಕೈಪಿಡಿಗಳನ್ನು ತರಿಸಿ ನೋಡಿದೆವು. ನಮ್ಮ ಕೈಗೆ ಸಿಕ್ಕವೆಲ್ಲ ಇಂಗ್ಲಿಷಿನವು. ದಪ್ಪ ಪುಸ್ತಕ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. ಇಳಿಜಾರಿನಲ್ಲಿ ಹೇಗೆ ನಿಲ್ಲಿಸಬೇಕು, ಚಿಕ್ಕ ಬ್ಯಾಟರಿ ಸತ್ತರೆ ಪಾರ್ಕಿಂಗ್ ಬ್ರೇಕು ಏನಾಗುತ್ತದೆ, ಬೆಲ್ಟ್ ಬಿಚ್ಚಿದರೆ ಕಾರು ಏನು ಮಾಡುತ್ತದೆ, ಎಲ್ಲ ಅದರೊಳಗೆ ಇದೆ. ಕಾರು ಓಡಿಸುವ ಅಣ್ಣನಿಗೆ, ಅಂಗಳದಲ್ಲಿ ಮೊಮ್ಮಗುವನ್ನು ಆಡಿಸುವ ಅಜ್ಜಿಗೆ ಅದು ತಲುಪಿಲ್ಲ. ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಲು 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆ ನಮಗೆ ಅವಕಾಶ ಕೊಟ್ಟಿದೆ, ಅದಕ್ಕೇ ನಾವು ಎಷ್ಟು ಹೆಣಗುತ್ತೇವೆ ಎಂಬುದು ಬೇರೆ ಮಾತು. ಕಾರಿನ ಕಂಪೆನಿಗೆ ಆ ಕಟ್ಟುಪಾಡೂ ಇಲ್ಲ. ಹಣ ತೆಗೆದುಕೊಳ್ಳುವಾಗ ಶೋರೂಮಿನಲ್ಲಿ ಕನ್ನಡ, ಮಲಯಾಳಂ, ತುಳು ಎಲ್ಲ ಬರುತ್ತದೆ ಅವರಿಗೆ. ಎಚ್ಚರಿಕೆ ಹೇಳುವಾಗ ಮಾತ್ರ ಇಂಗ್ಲಿಷು.

"ಚಿಹ್ನೆಗಳಿಗೆ ಭಾಷೆ ಇಲ್ಲ" ಎಂದು ಒಬ್ಬ ಮಾರಾಟಗಾರರು ನಮಗೆ ಸಮಾಧಾನ ಹೇಳಿದರು. ಹೌದೇ? ಪಾರ್ಕಿಂಗ್ ಬ್ರೇಕಿನ ಚಿಹ್ನೆ ಏನು? ವೃತ್ತದೊಳಗೆ ಇಂಗ್ಲಿಷಿನ 'ಪಿ'. ಪಾರ್ಕ್ ಸ್ಥಾನಕ್ಕೆ ಏನು? ಮತ್ತೊಂದು 'ಪಿ'. ಒಂದು ಚಕ್ರವನ್ನು ಹಿಡಿಯುವ ಬ್ರೇಕು, ಇನ್ನೊಂದು ಗೇರಿನ ಸ್ಥಾನ. ಒಂದೇ ಪರದೆಯಲ್ಲಿ ಎರಡು ಪಿ. ಇಂಗ್ಲಿಷ್ ಬಲ್ಲವರೇ ಇಲ್ಲಿ ಎಡವುತ್ತಾರೆ. ಕಾರು ಹೊರಡಲು ಸಿದ್ಧವಾಗಿದೆ ಎಂದು ಹಸಿರು ಬಣ್ಣದಲ್ಲಿ 'ರೆಡಿ' ಎಂದು ತೋರಿಸುತ್ತದಲ್ಲ, ಅದನ್ನು ನೋಡಿ "ನಿಲ್ಲಿಸಲು ರೆಡಿ" ಎಂದುಕೊಂಡು ಇಳಿದವರನ್ನು ನಾವು ಕಂಡಿದ್ದೇವೆ. ಸದ್ದಿಲ್ಲದ ಕಾರಿನಲ್ಲಿ ಆ ಒಂದು ಪದವೇ ಎಂಜಿನಿನ ಗುರುಗುರು ಸದ್ದಿನ ಜಾಗದಲ್ಲಿ ಇರುವುದು. ಕಾರು ಚಲಿಸಲು ಸಿದ್ಧವಿರುವಾಗ ಚಾಲಕ ಇಳಿದರೆ ಅವನಿಗೆ ತಿಳಿಸಲೇಬೇಕೆಂದು ಎಲೆಕ್ಟ್ರಿಕ್ ವಾಹನಗಳಿಗಾಗಿ ವಿಶ್ವಸಂಸ್ಥೆಯ 100ನೇ ನಿಯಮಾವಳಿ ಹೇಳುತ್ತದೆ. ತಿಳಿಸುವುದೆಂದರೆ ತಿಳಿಯುವಂತೆ ಹೇಳುವುದಲ್ಲವೇ? ಸಾಫ್ಟ್‌ವೇರ್ ಕಳುಹಿಸಿ 22 ಲಕ್ಷ ಕಾರುಗಳ ಅಕ್ಷರ ದೊಡ್ಡದು ಮಾಡಬಹುದಾದರೆ, ಅದೇ ದಾರಿಯಲ್ಲಿ "ಕೈಬ್ರೇಕು ಹಾಕಿಲ್ಲ" ಎಂಬ ಎರಡು ಪದಗಳನ್ನು ಕನ್ನಡದಲ್ಲಿ, ಮಲಯಾಳದಲ್ಲಿ, ತಮಿಳಿನಲ್ಲಿ ಕಳುಹಿಸಲು ಕಷ್ಟವೇನು? ಕೇಳುವವರಿಲ್ಲ, ಅಷ್ಟೇ ಕಷ್ಟ.

ಕಂಪೆನಿಯವರು ಕೊಡುವ ತನಕ ನಾವು ಸುಮ್ಮನೆ ಕೂರುವುದೂ ಸರಿಯಲ್ಲ. ನಮ್ಮ ಎಂಟನೆಯ ತರಗತಿಯವರು ಇಂಗ್ಲಿಷ್ ಅಧ್ಯಾಪಕರ ಸಹಾಯದಿಂದ ಒಂದು ಕೈಪಿಡಿಯ ಆ ನಾಲ್ಕೈದು ಪುಟಗಳನ್ನು ಕನ್ನಡಕ್ಕೆ ಇಳಿಸಿದ್ದಾರೆ. ಎರಡು ಪಿಗಳ ಗೊಂದಲ ಬಗೆಹರಿಸಲು ಅವರಲ್ಲೇ ದೊಡ್ಡ ಚರ್ಚೆ ನಡೆಯಿತು. ಕೊನೆಗೆ ವೃತ್ತದೊಳಗಿನ ಪಿ 'ಕೈಬ್ರೇಕು' ಎಂದೂ, ಇನ್ನೊಂದು 'ನಿಲುಗಡೆ' ಎಂದೂ ತೀರ್ಮಾನವಾಯಿತು. ಕೈಯಿಂದ ಎಳೆಯುವುದೇ ಇಲ್ಲವಲ್ಲ, ಕೈಬ್ರೇಕು ಯಾಕೆ ಎಂದು ಒಬ್ಬ ಕೇಳಿದ. ಬೆರಳು ಕೈಯಲ್ಲೇ ಇರುವುದಲ್ಲವೇ ಎಂದು ಇನ್ನೊಬ್ಬಳು ಹೇಳಿದಳು, ಮಾತು ಅಲ್ಲಿಗೆ ಮುಗಿಯಿತು. ಇಳಿಯುವಾಗಿನ ಕ್ರಮವನ್ನು ಅವರು ಹೀಗೆ ಬರೆದಿದ್ದಾರೆ: ಕಾಲು ಬ್ರೇಕಿನ ಮೇಲೆಯೇ ಇರಲಿ, ಮೊದಲು ಕೈಬ್ರೇಕು, ಆಮೇಲೆ ನಿಲುಗಡೆ, ಎರಡೂ ಪರದೆಯಲ್ಲಿ ಕಂಡ ಮೇಲೆ ಕಾಲನ್ನು ಮೆಲ್ಲ ತೆಗೆದು ಕಾರು ಅಲುಗುತ್ತದೆಯೇ ನೋಡು, ಕಾರು ಆರಿಸು, ಎಲ್ಲಕ್ಕಿಂತ ಕೊನೆಗೆ ಬೆಲ್ಟು ಬಿಚ್ಚು, ಬಾಗಿಲು ತೆರೆ. ನಮ್ಮಲ್ಲಿ ಬಹಳ ಮಂದಿ ಕಾರು ನಿಲ್ಲುವ ಮೊದಲೇ ಬೆಲ್ಟ್ ಬಿಚ್ಚುತ್ತಾರೆ, ಅದು ತಲೆಕೆಳಗಾದ ಕ್ರಮ. ಇಳಿಜಾರಾದರೆ ಮುಂದಿನ ಚಕ್ರವನ್ನು ಬರೆಯ ಕಡೆಗೆ ತಿರುಗಿಸಿಡು. ಮುರಕಲ್ಲಿನ ತುಂಡಿಗೂ ಒಂದು ಸಾಲು ಕೊಟ್ಟಿದ್ದಾರೆ. ಕಾರು ಎಷ್ಟು ಲಕ್ಷದ್ದಾದರೂ ಕಲ್ಲು ಇಡಲು ನಾಚಿಕೆ ಬೇಡ ಎಂದು.

ಈ ಹಾಳೆಯ ಪ್ರತಿಗಳನ್ನು ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಹಂಚುತ್ತೇವೆ. ಅದರೊಂದಿಗೆ ಶೋರೂಮಿನವರಿಗೆ ಒಂದು ಪತ್ರ, ಕನ್ನಡದಲ್ಲೇ, ನೀವು ಸಹಿ ಹಾಕಬೇಕು. ಕೈಪಿಡಿಯ ಸುರಕ್ಷೆಯ ಪುಟಗಳು ನಮ್ಮ ಭಾಷೆಯಲ್ಲಿ ಬೇಕು, ಕಾರು ಕೈಗೊಪ್ಪಿಸುವ ದಿನ ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಬೇಕು ಎಂಬ ಎರಡೇ ಬೇಡಿಕೆ. ಮಡಿಕೇರಿಗೋ ಮಂಗಳೂರಿಗೋ ಹೊರಟವರು, ಗಡಿಯಾಚೆ ಅಡೋನಿ, ಅಕ್ಕಲಕೋಟೆ, ತಾಳವಾಡಿಯ ಕನ್ನಡ ಶಾಲೆಯವರು ಯಾರು ಬೇಕಾದರೂ ಈ ಹಾಳೆಯನ್ನು ತೆಗೆದುಕೊಳ್ಳಬಹುದು, ತಿದ್ದಬಹುದು. ಇನ್ನೊಂದು ಮಾತು: ಸಭೆಗೆ ಬರುವಾಗ, ನಿಮ್ಮ ಕಾರಿನ ಬಕಲಿನ ಬಾಯಲ್ಲಿ ಆ ಲೋಹದ ತುಂಡು ಇದ್ದರೆ ಕಿತ್ತು ತನ್ನಿ. ಅದು ಕಾಂತಕ್ಕೆ ಅಂಟುತ್ತದೆಯೋ ಇಲ್ಲವೋ ನೋಡಬೇಕೆಂದು ಮಕ್ಕಳು ಕಾಯುತ್ತಿದ್ದಾರೆ.